ಉಲ್ಕೆಗಳ ಲೆಕ್ಕಿಗ

ಬೀಳುವ ಚುಕ್ಕಿಯನ್ನು ಕಂಡವರು ಅದನ್ನು ಯಾರಿಗೂ ಹೇಳಬಾರದೆಂದು ನನ್ನ ಅಜ್ಜಿ ಕಟ್ಟುಮಾಡಿದ್ದಳು. ಬೇಸಗೆಯ ರಾತ್ರಿ ಅಂಗಳದಲ್ಲಿ ಚಾಪೆ ಹಾಸಿ ಮಲಗಿರುವಾಗ ಆಕಾಶದಲ್ಲಿ ಫಕ್ಕನೆ ಬೆಳಕಿನ ಗೀರೊಂದು ಮೂಡಿ ಮಾಯವಾದರೆ ಮಕ್ಕಳಾದ ನಾವು ಒಡನೆ ಬಾಯಿ ಮುಚ್ಚಿಕೊಳ್ಳಬೇಕು; ಹತ್ತಿರದ ಹಸುರು ಗಿಡವೊಂದನ್ನು ನೋಡಿ ಸುಮ್ಮನಾಗಬೇಕು. ಎಲ್ಲಿಯೋ ಒಂದು ಜೀವ ಹೋಯಿತೆಂದು ಅದರ ಅರ್ಥವಂತೆ. ಹೀಗಾಗಿ ಬಾಲ್ಯದಲ್ಲಿ ನಾನು ಕಂಡ ಉಲ್ಕೆಗಳೆಲ್ಲ ನನ್ನೊಳಗೇ ಉಳಿದುಹೋದವು. ನನ್ನ ಪಕ್ಕದಲ್ಲಿಯೇ ಮಲಗಿದ್ದ ತಮ್ಮನೂ ಅವನ್ನೇ ಕಂಡಿದ್ದನೋ ಇಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ.

ಇದಕ್ಕೆ ನೇರ ವಿರುದ್ಧವಾದ ವ್ರತವನ್ನು ಹಿಡಿದು ಬದುಕಿದವನೊಬ್ಬನ ಕಥೆಯನ್ನು ನಾನು ಇಲ್ಲಿ ಹೇಳಹೊರಟಿದ್ದೇನೆ. ತಾನು ಕಂಡ ಒಂದೊಂದು ಉಲ್ಕೆಯನ್ನೂ ಬರೆದಿಟ್ಟು ಲೋಕಕ್ಕೆ ಹೇಳುವುದು, ಲೋಕದವರು ಕಂಡುದನ್ನು ಕೇಳಿ ತಿಳಿಯುವುದು, ಇದೇ ಆತನ ಆಯುಷ್ಯದ ಕೆಲಸವಾಗಿತ್ತು. ಆತನ ಹೆಸರು ವಿಲಿಯಂ ಫ್ರೆಡರಿಕ್ ಡೆನ್ನಿಂಗ್. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ; ಇತಿಹಾಸ ಮತ್ತು ಭೂಗೋಳಗಳನ್ನು ಓದುತ್ತಿರುವವನು. ಗಣಿತವನ್ನು ಹೈಸ್ಕೂಲಿನೊಂದಿಗೇ ಬಿಟ್ಟುಬಂದವನು. ಆದರೂ ಈ ಲೇಖನವನ್ನು ಬರೆಯುವ ಭಾರ ನನ್ನ ಮೇಲೆ ಬಿತ್ತು. ಬಿದ್ದ ಕಾರಣ ಅಷ್ಟೇನೂ ಹೆಮ್ಮೆಯದಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಡೆನ್ನಿಂಗನು ೧೮೪೮ರ ನವೆಂಬರ್ ೨೫ರಂದು ಇಂಗ್ಲೆಂಡಿನ ಸಾಮರ್‌ಸೆಟ್ ಪ್ರಾಂತದಲ್ಲಿ ಹುಟ್ಟಿದನು. ಬಾಲ್ಯದಲ್ಲಿಯೇ ಮನೆಯವರೊಡನೆ ಬ್ರಿಸ್ಟಲ್ ನಗರಕ್ಕೆ ಬಂದನು. ಜೀವಮಾನವನ್ನೆಲ್ಲ ಅಲ್ಲಿಯೇ ಕಳೆದನು. ತಂದೆಯದು ಲೆಕ್ಕಪತ್ರದ ವೃತ್ತಿ. ಮಗನೂ ಅದನ್ನೇ ಹಿಡಿದನು. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಲಿಲ್ಲ, ಯಾವ ವೀಕ್ಷಣಾಲಯದಲ್ಲಿಯೂ ಸಂಬಳಕ್ಕೆ ದುಡಿಯಲಿಲ್ಲ. ಹರೆಯದಲ್ಲಿ ಕ್ರಿಕೆಟ್ ಆಟದಲ್ಲಿ ಒಳ್ಳೆಯ ಕೈ. ಆ ಕಾಲದ ಮಹಾ ಆಟಗಾರ ಡಬ್ಲ್ಯು. ಜಿ. ಗ್ರೇಸ್ ಇವನನ್ನು ಗ್ಲಾಸ್ಟರ್‌ಷೈರ್ ತಂಡದ ವಿಕೆಟ್ ಕೀಪರನಾಗುವಂತೆ ಕರೆದಿದ್ದನೆಂದೂ ಈತನು ಒಪ್ಪಲಿಲ್ಲವೆಂದೂ ಹೇಳುತ್ತಾರೆ. ಹಾರಿ ಬರುವ ಚೆಂಡನ್ನು ರೆಪ್ಪೆ ಮಿಟುಕಿಸದೆ ನೋಡಬಲ್ಲ ಕಣ್ಣು ಮುಂದೆ ಇನ್ನೂ ವೇಗವಾದುದನ್ನು ನೋಡಲು ಮೀಸಲಾಯಿತು.

ಡೆನ್ನಿಂಗನು ಏನನ್ನು ಮಾಡಿದನೆಂದು ತಿಳಿಯಬೇಕಾದರೆ ಅವನಿಗಿಂತ ಹಿಂದೆ ಏನಾಗಿತ್ತೆಂಬುದನ್ನು ಸ್ವಲ್ಪ ತಿಳಿಯಬೇಕು. ಉಲ್ಕೆಯು ನಕ್ಷತ್ರವಲ್ಲ, ಬಾಹ್ಯಾಕಾಶದಲ್ಲಿ ಅಲೆಯುವ ಮರಳಕಣದಷ್ಟೋ ಕಾಳಿನಷ್ಟೋ ಗಾತ್ರದ ಚೂರು. ಸೆಕೆಂಡಿಗೆ ೧೧ರಿಂದ ೭೨ ಕಿಲೋಮೀಟರ್ ವೇಗದಲ್ಲಿ ಅದು ನಮ್ಮ ವಾಯುಮಂಡಲವನ್ನು ಹೊಕ್ಕಾಗ ಉರಿದು ಬೆಳಗುತ್ತದೆ. ಇದೆಲ್ಲ ಇಂದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ೧೮ನೆಯ ಶತಮಾನದ ಕೊನೆಯವರೆಗೂ ಉಲ್ಕೆಗಳು ಮಿಂಚಿನಂತೆ ಗಾಳಿಯಲ್ಲಿಯೇ ಹುಟ್ಟುವವೆಂದು ಪಂಡಿತರೇ ನಂಬಿದ್ದರು. ೧೭೯೮ರಲ್ಲಿ ಜರ್ಮನಿಯ ಗಟಿಂಗೆನ್ನಿನ ಇಬ್ಬರು ವಿದ್ಯಾರ್ಥಿಗಳು, ಬ್ರಾಂಡೆಸ್ ಮತ್ತು ಬೆನ್ಸೆನ್‌ಬರ್ಗ್ ಎಂಬವರು, ಕೆಲವು ಮೈಲಿಗಳ ಅಂತರದಲ್ಲಿ ಕುಳಿತು ಒಂದೇ ಹೊತ್ತಿನಲ್ಲಿ ಆಕಾಶವನ್ನು ನೋಡಿದರು. ಒಂದೇ ಉಲ್ಕೆ ಇಬ್ಬರಿಗೂ ಕಂಡಾಗ ಒಬ್ಬನಿಗೆ ಒಂದು ನಕ್ಷತ್ರದ ಬಳಿ, ಇನ್ನೊಬ್ಬನಿಗೆ ಬೇರೊಂದು ನಕ್ಷತ್ರದ ಬಳಿ ಕಾಣುತ್ತದೆ. ಆ ವ್ಯತ್ಯಾಸದಿಂದ ಎತ್ತರವನ್ನು ಲೆಕ್ಕ ಹಾಕಬಹುದು. ನಾನೂರಕ್ಕೂ ಹೆಚ್ಚು ಉಲ್ಕೆಗಳನ್ನು ನೋಡಿದ ಮೇಲೆ ಇಬ್ಬರ ಪುಸ್ತಕದಲ್ಲಿಯೂ ಸಿಕ್ಕವು ೨೨ ಮಾತ್ರ. ಆದರೆ ಅಷ್ಟೇ ಸಾಕಾಯಿತು. ಉಲ್ಕೆಗಳು ಮೋಡಗಳಿಗಿಂತ ಎಷ್ಟೋ ಮೇಲೆ, ಸುಮಾರು ನೂರು ಕಿಲೋಮೀಟರ್ ಎತ್ತರದಲ್ಲಿ ಉರಿಯುತ್ತವೆಂದು ತಿಳಿಯಿತು. ನಮ್ಮಂತಹ ಇಬ್ಬರು ವಿದ್ಯಾರ್ಥಿಗಳು ತಾವು ಕಂಡುದನ್ನು ಒಬ್ಬರಿಗೊಬ್ಬರು ಹೇಳಿಕೊಂಡುದರ ಫಲವಿದು!

೧೮೩೩ರ ನವೆಂಬರ್ ೧೩ರ ಬೆಳಗಿನ ಜಾವ ಅಮೆರಿಕದ ಪೂರ್ವಭಾಗದಲ್ಲಿ ಉಲ್ಕೆಗಳು ಮಳೆಯಂತೆ ಸುರಿದವು. ಯೇಲ್ ಕಾಲೇಜಿನ ಅಧ್ಯಾಪಕ ಡೆನಿಸನ್ ಓಲ್ಮ್‌ಸ್ಟೆಡ್ ಪತ್ರಿಕೆಯ ಮೂಲಕ ಜನರಲ್ಲಿ ಬೇಡಿಕೆ ಮಾಡಿದನು: ಕಂಡವರೆಲ್ಲ ಕಂಡುದನ್ನು ಬರೆದು ಕಳುಹಿಸಬೇಕೆಂದು. ಹಲವು ಕಡೆಗಳಿಂದ ಕಾಗದಗಳು ಬಂದವು. ಉಲ್ಕೆಗಳೆಲ್ಲ ಸಿಂಹರಾಶಿಯ ಒಂದೇ ಬಿಂದುವಿನಿಂದ ಹೊರಟಂತೆ ಕಂಡಿದ್ದವೆಂದು ಅವುಗಳನ್ನು ಕೂಡಿಸಿ ನೋಡಿದಾಗ ಸ್ಪಷ್ಟವಾಯಿತು. ಅದೇ ವೃಷ್ಟಿ ಸುಮಾರು ೩೩ ವರ್ಷಗಳ ಮೇಲೆ, ೧೮೬೬ರ ನವೆಂಬರಿನಲ್ಲಿ, ನಿರೀಕ್ಷಿಸಿದಂತೆಯೇ ಯೂರೋಪಿನ ಮೇಲೆ ಸುರಿಯಿತು. ಆಗ ಡೆನ್ನಿಂಗನಿಗೆ ಹದಿನೆಂಟು ತುಂಬಲು ಎರಡು ವಾರವೂ ಉಳಿದಿರಲಿಲ್ಲ. ಉಲ್ಕೆಗಳಿಗೂ ಧೂಮಕೇತುಗಳಿಗೂ ಸಂಬಂಧವಿದೆಯೆಂದು ಇಟಲಿಯ ಸ್ಕಿಯಾಪರೆಲ್ಲಿ ತೋರಿಸಿದುದೂ ಅದೇ ಕಾಲದಲ್ಲಿ. ಪ್ರತಿವರ್ಷ ಆಗಸ್ಟಿನಲ್ಲಿ ಬರುವ ಪರ್ಸೀಯಿಡ್ ಉಲ್ಕೆಗಳು ೧೮೬೨ರಲ್ಲಿ ಕಾಣಿಸಿದ್ದ ಧೂಮಕೇತುವೊಂದರ ಹಾದಿಯಲ್ಲಿಯೇ ಸಂಚರಿಸುತ್ತಿದ್ದವು. ಧೂಮಕೇತು ತನ್ನ ಹಾದಿಯುದ್ದಕ್ಕೂ ಚೆಲ್ಲಿದ ಧೂಳಿನ ನಡುವೆ ಭೂಮಿ ಹಾಯುವಾಗ ಆಗುವುದೇ ಉಲ್ಕಾವೃಷ್ಟಿ. ತರುಣ ಡೆನ್ನಿಂಗನ ಪಾಲಿಗೆ ಇದು ಬಾಗಿಲು ತೆರೆದ ಹೊಸ ಲೋಕ.

ಇಪ್ಪತ್ತರ ಹರೆಯದಲ್ಲಿ ಅವನು ಮಾಡಿದ ಮೊದಲ ಕೆಲಸ ಗೆಳೆಯರನ್ನು ಕೂಡಿಸಿದುದು. ೧೮೬೯ರಲ್ಲಿ ಹವ್ಯಾಸಿ ವೀಕ್ಷಕರ ಒಂದು ಸಂಘವನ್ನು ಕಟ್ಟಿ ಅದರ ಕಾರ್ಯದರ್ಶಿಯಾದನು. ಬುಧಗ್ರಹಕ್ಕಿಂತ ಸೂರ್ಯನಿಗೆ ಹತ್ತಿರವಾಗಿ ವಲ್ಕನ್ ಎಂಬ ಗ್ರಹವಿರಬಹುದೆಂದು ಆಗ ದೊಡ್ಡ ವಿದ್ವಾಂಸರು ನಂಬಿದ್ದರು. ಅದು ಸೂರ್ಯಬಿಂಬದ ಮೇಲೆ ಹಾಯುವುದನ್ನು ಹಿಡಿಯಬೇಕೆಂದು ಡೆನ್ನಿಂಗನು ಬೇರೆ ಬೇರೆ ಊರಿನ ಗೆಳೆಯರಿಗೆ ಹೊತ್ತು ಹಂಚಿಕೊಟ್ಟು ಸೂರ್ಯನನ್ನು ಕಾಯಿಸಿದನು. ಗ್ರಹ ಸಿಗಲಿಲ್ಲ, ಇಲ್ಲದ ಗ್ರಹ ಸಿಗುವುದಾದರೂ ಹೇಗೆ? ಅಂತಹ ಗ್ರಹದ ಅಗತ್ಯವೇ ಇಲ್ಲವೆಂದು ೧೯೧೫ರಲ್ಲಿ ಐನ್‌ಸ್ಟೈನನ ಸಿದ್ಧಾಂತ ತೋರಿಸಿತು. ಆದರೆ ಏನೂ ಕಾಣಲಿಲ್ಲವೆಂದು ಹಲವರು ಕೂಡಿ ಬರೆದಿಡುವುದೂ ಒಂದು ಕೆಲಸವೆಂಬ ಪಾಠವನ್ನು ಡೆನ್ನಿಂಗನು ಆಗಲೇ ಕಲಿತನು.

೧೮೭೧ರಲ್ಲಿ ಅವನು ಹತ್ತು ಅಂಗುಲದ ಕನ್ನಡಿಯ ದೂರದರ್ಶಕವನ್ನು ಪಡೆದನು. ಅದರಿಂದ ಗುರು, ಶುಕ್ರ, ಶನಿಗಳನ್ನು ಬಹುಕಾಲ ನೋಡಿದನು. ಆದರೆ ಉಲ್ಕೆಗೆ ದೂರದರ್ಶಕ ಬೇಡ. ಎಲ್ಲಿ ಯಾವಾಗ ಬೀಳುತ್ತದೆಂದು ಗೊತ್ತಿಲ್ಲದುದನ್ನು ಕೊಳವೆಯಲ್ಲಿ ಹುಡುಕುವುದೆಂತು? ಅದಕ್ಕೆ ಬೇಕಾದುದು ತೆರೆದ ಆಕಾಶ, ತೆರೆದ ಕಣ್ಣು, ನಕ್ಷತ್ರಗಳ ಪರಿಚಯ ಮತ್ತು ತಾಳ್ಮೆ. ಇಂಗ್ಲೆಂಡಿನ ಚಳಿಯಲ್ಲಿ ಮನೆಯ ತೋಟದಲ್ಲಿ ಡೆನ್ನಿಂಗನು ಗಂಟೆಗಟ್ಟಲೆ ಕಾಯುತ್ತಿದ್ದನು. ಉಲ್ಕೆ ಕಂಡ ಕ್ಷಣವೇ ನೆಟ್ಟನೆಯ ಕೋಲೊಂದನ್ನು ಅದು ಹಾಯ್ದ ಹಾದಿಗೆ ಸರಿಯಾಗಿ ಎತ್ತಿಹಿಡಿದು, ಹಾದಿಯ ಆದಿ ಎಲ್ಲಿ, ಅಂತ್ಯವೆಲ್ಲಿ ಎಂದು ನಕ್ಷತ್ರಗಳ ನಡುವೆ ಗುರುತಿಸಿಕೊಳ್ಳುವನು. ಗಂಟೆ ನಿಮಿಷ, ಬೆಳಕು, ವೇಗ, ಬಣ್ಣ, ಹಿಂದೆ ಉಳಿದ ಹೊಗೆಯಂತಹ ಗೆರೆ ಎಲ್ಲವನ್ನೂ ಬರೆದುಕೊಳ್ಳುವನು. ಹಗಲು ಅಂಗಡಿಯ ಲೆಕ್ಕ, ಇರುಳು ಆಕಾಶದ ಲೆಕ್ಕ. ಎರಡರಲ್ಲಿಯೂ ಪುಸ್ತಕ ತಾಳೆಯಾಗಲೇಬೇಕು!

ಹೀಗೆ ಬರೆದ ಹಾದಿಗಳನ್ನು ನಕ್ಷೆಯ ಮೇಲೆ ಎಳೆದು ಹಿಂದಕ್ಕೆ ಬೆಳೆಸಿದರೆ ಅವುಗಳಲ್ಲಿ ಹಲವು ಒಂದು ಬಿಂದುವಿನಲ್ಲಿ ಕೂಡುತ್ತವೆ. ಅದೇ ಆ ವೃಷ್ಟಿಯ ಉಗಮಬಿಂದು. ಅಡಿಕೆತೋಟದ ನಡುವೆ ನಿಂತು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ಸಾಲುಗಳು ಎಷ್ಟು ದೂರ ಹೋದರೂ ಸಮಾನ ಅಂತರದಲ್ಲಿಯೇ ಇರುತ್ತವೆ. ಆದರೂ ದೂರದಲ್ಲಿ ಒಂದೇ ಕಡೆ ಕೂಡಿದಂತೆ ಕಾಣುತ್ತವೆ. ಉಲ್ಕೆಗಳೂ ಹಾಗೆಯೇ ಒಂದಕ್ಕೊಂದು ಸಮಾನಾಂತರವಾಗಿ ಬರುತ್ತವೆ. ನಮ್ಮ ಕಣ್ಣಿಗೆ ಮಾತ್ರ ಒಂದು ಬಿಂದುವಿನಿಂದ ಚೆದರಿದಂತೆ ತೋರುತ್ತವೆ. ಆ ಬಿಂದು ಸಿಂಹರಾಶಿಯಲ್ಲಿದ್ದರೆ ಲಿಯೊನಿಡ್, ಮಿಥುನರಾಶಿಯಲ್ಲಿದ್ದರೆ ಜೆಮಿನಿಡ್ ಎಂದು ಹೆಸರು.

ಡೆನ್ನಿಂಗನ ಕೀರ್ತಿಗೆ ತಳಹದಿಯಾದುದು ಪರ್ಸೀಯಿಡ್ ಉಲ್ಕೆಗಳ ಅಭ್ಯಾಸ. ಭೂಮಿಯು ಸೂರ್ಯನನ್ನು ಸುತ್ತುವುದರಿಂದ ಅದು ಸಾಗುವ ದಿಕ್ಕು ದಿನಕ್ಕೆ ಸುಮಾರು ಒಂದು ಡಿಗ್ರಿ ತಿರುಗುತ್ತದೆ. ಓಡುವ ಬಸ್ಸು ತಿರುಗಿದಾಗ ಕಿಟಕಿಗೆ ಬಡಿಯುವ ಮಳೆಯ ಓರೆಯೂ ಬದಲಾಗುವುದಿಲ್ಲವೆ? ಹಾಗೆಯೇ ಉಗಮಬಿಂದುವೂ ದಿನದಿನಕ್ಕೆ ಸರಿಯಬೇಕು. ಇದು ತರ್ಕ, ಕಣ್ಣಾರೆ ಕಂಡವರು ಬೇಕಾಗಿತ್ತು. ಜುಲೈಯಿಂದ ಆಗಸ್ಟಿನವರೆಗೆ ರಾತ್ರಿರಾತ್ರಿಯೂ ಬರೆದ ಹಾದಿಗಳ ಬಲದಿಂದ, ಆ ಬಿಂದು ನಕ್ಷತ್ರಗಳ ನಡುವೆ ಪೂರ್ವದ ಕಡೆಗೆ ಸರಿಯುತ್ತ ಹೋಗುತ್ತದೆಂದು ಡೆನ್ನಿಂಗನು ೧೮೭೭ರಲ್ಲಿ ಗುರುತಿಸಿದನು. ವೀಕ್ಷಣಾಲಯಗಳ ಬೃಹದ್ಯಂತ್ರಗಳಿಗೆ ಸಿಗದ ಸಂಗತಿ ಲೆಕ್ಕದ ಗುಮಾಸ್ತನ ತೋಟದಲ್ಲಿ ಸಿಕ್ಕಿತು.

ಒಬ್ಬನೇ ಕುಳಿತು ನೋಡಿದರೂ ಡೆನ್ನಿಂಗನು ತಾನೊಬ್ಬನೇ ಎಂದು ತಿಳಿಯಲಿಲ್ಲ. ಇಟಲಿಯ ಉಲ್ಕಾವೀಕ್ಷಕರು ದಾಖಲಿಸಿದ್ದ ಸಾವಿರಾರು ಹಾದಿಗಳನ್ನು ತಾನಾಗಿ ತೆಗೆದುಕೊಂಡು, ಅವುಗಳ ಉಗಮಬಿಂದುಗಳನ್ನು ಲೆಕ್ಕಹಾಕಿದನು. ಸರ್ ಜಾನ್ ಹರ್ಷೆಲನ ಮಗನಾದ ಅಲೆಕ್ಸಾಂಡರ್ ಹರ್ಷೆಲನೊಡನೆ ದೀರ್ಘಕಾಲ ಪತ್ರವ್ಯವಹಾರ ಇಟ್ಟುಕೊಂಡಿದ್ದನು. ಇಬ್ಬರೂ ಒಂದೇ ರಾತ್ರಿ ಬೇರೆ ಬೇರೆ ಊರುಗಳಲ್ಲಿ ನೋಡಿ, ಆಮೇಲೆ ತಮ್ಮ ತಮ್ಮ ಪಟ್ಟಿಗಳನ್ನು ಹೋಲಿಸುವರು. ದೊಡ್ಡ ಬೆಂಕಿಯುಂಡೆಯಂತಹ ಉಲ್ಕೆ ಹಾಯ್ದುಹೋದರೆ ಅದನ್ನು ಕಂಡ ದಾರಿಹೋಕರ ವಿವರಗಳನ್ನೂ ಕೂಡಿಹಾಕಿ, ಅದು ಯಾವ ಊರಿನ ಮೇಲೆ ಎಷ್ಟು ಎತ್ತರದಲ್ಲಿ ಹೊತ್ತಿ ಎಲ್ಲಿ ಆರಿತೆಂದು ನಿರ್ಣಯಿಸಿ ಪತ್ರಿಕೆಗಳಲ್ಲಿ ಪ್ರಕಟಿಸುವನು. ನೇಚರ್, ಅಬ್ಸರ್ವೇಟರಿ ಮೊದಲಾದ ಪತ್ರಿಕೆಗಳಲ್ಲಿ ಅವನ ಬರವಣಿಗೆ ದಶಕಗಳ ಕಾಲ ಬರುತ್ತಲೇ ಇತ್ತು.

ಈ ನಡುವೆ ೧೮೮೧ರಿಂದ ೧೮೯೪ರ ಒಳಗೆ ಐದು ಧೂಮಕೇತುಗಳನ್ನು ಕಂಡುಹಿಡಿದನು; ಅವುಗಳಲ್ಲಿ ೧೮೯೧ರದನ್ನು ಅಮೆರಿಕದ ಬಾರ್ನಾರ್ಡನೂ ಸ್ವತಂತ್ರವಾಗಿ ಕಂಡಿದ್ದನು. ಗುರುಗ್ರಹದ ಕೆಂಪು ಮಚ್ಚೆಯ ಹಳೆಯ ಚಿತ್ರಗಳನ್ನು ಅರಸಿ, ಅದರ ಚರಿತ್ರೆಯನ್ನು ೧೮೩೧ರವರೆಗೆ ಹಿಂದಕ್ಕೊಯ್ದನು. ೧೮೯೧ರಲ್ಲಿ ಹೊಸ ವೀಕ್ಷಕರಿಗೆಂದು ಪುಸ್ತಕ ಬರೆದನು. ಅದೇ ವರ್ಷ ಬ್ರಿಟಿಷ್ ಆಸ್ಟ್ರನಾಮಿಕಲ್ ಅಸೋಸಿಯೇಷನ್ನಿನ ಧೂಮಕೇತು ವಿಭಾಗಕ್ಕೂ, ೧೮೯೯ರಲ್ಲಿ ಉಲ್ಕಾವಿಭಾಗಕ್ಕೂ ಮುಖ್ಯಸ್ಥನಾದನು. ೧೮೯೮ರಲ್ಲಿ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯು ತನ್ನ ಚಿನ್ನದ ಪದಕವನ್ನಿತ್ತು ಗೌರವಿಸಿತು. ಅದೇ ವರ್ಷ ಪುಸ್ತಕವಾಗಿ ಬಂದ ಎಚ್. ಜಿ. ವೆಲ್ಸನ ಲೋಕಗಳ ಯುದ್ಧದ ಕಾದಂಬರಿಯಲ್ಲಿ, ಮಂಗಳಗ್ರಹದಿಂದ ಬಂದು ಬೀಳುವ ವಾಹನವನ್ನು ಜನರು ಮೊದಲು ಉಲ್ಕೆಯೆಂದೇ ತಿಳಿಯುತ್ತಾರೆ. ಅಲ್ಲಿ ಅದರ ಎತ್ತರವನ್ನು ಹೇಳುವ ತಜ್ಞನಾಗಿ ಬರುವ ಹೆಸರು ಡೆನ್ನಿಂಗನದೇ. ಉಲ್ಕೆಯೆಂದರೆ ಡೆನ್ನಿಂಗ್ ಎಂಬಷ್ಟು ಅವನು ಆಗ ಮನೆಮಾತಾಗಿದ್ದನು.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಮಹಾಪುರುಷರ ಚರಿತ್ರೆಗಳಲ್ಲಿ ಮತ್ತೊಂದಾಗುತ್ತಿತ್ತು. ಆದರೆ ಡೆನ್ನಿಂಗನ ಜೀವನದಲ್ಲಿ ಒಂದು ದೊಡ್ಡ ತಪ್ಪಿದೆ. ಅದನ್ನು ಮರೆಮಾಚಿದರೆ ಅವನಿಗೆ ಗೌರವ ಸಲ್ಲಿಸಿದಂತಾಗುವುದಿಲ್ಲ.

ವರ್ಷಗಳು ಕಳೆದಂತೆ ಅವನ ಪುಸ್ತಕಗಳಲ್ಲಿ ಉಗಮಬಿಂದುಗಳು ಬೆಳೆಯುತ್ತ ಹೋದವು. ೧೮೯೯ರಲ್ಲಿ ತನ್ನವನ್ನೂ ಇತರರವನ್ನೂ ಸೇರಿಸಿ ಪ್ರಕಟಿಸಿದ ಮಹಾಪಟ್ಟಿಯಲ್ಲಿ ಅವುಗಳ ಸಂಖ್ಯೆ ೪೩೬೭! ಅದಕ್ಕಿಂತ ವಿಚಿತ್ರವಾದುದು ಮತ್ತೊಂದು. ಕೆಲವು ಬಿಂದುಗಳು ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ನಿಂತು ಉಲ್ಕೆಗಳನ್ನು ಸುರಿಸುತ್ತಿರುತ್ತವೆಂದು ಅವನು ಸಾಧಿಸಿದನು. ಪರ್ಸೀಯಿಡ್ ಬಿಂದು ಚಲಿಸುತ್ತದೆಂದು ತೋರಿಸಿದವನೇ ಅಕ್ಟೋಬರಿನ ಓರಿಯಾನಿಡ್ ಬಿಂದು ಮೊದಲಾದವು ನಿಶ್ಚಲವೆಂದು ಹೇಳಿದನು. ಆರು ತಿಂಗಳಲ್ಲಿ ಭೂಮಿ ಸಾಗುವ ದಿಕ್ಕೇ ತಿರುಗುಮುರುಗಾಗುತ್ತದೆ. ಅದರ ವೇಗವೋ ಸೆಕೆಂಡಿಗೆ ಸುಮಾರು ೩೦ ಕಿಲೋಮೀಟರ್. ಹಾಗಿದ್ದೂ ಬಿಂದು ಅಲುಗಾಡದಿರಬೇಕಾದರೆ ಉಲ್ಕೆಗಳ ವೇಗವು ಭೂಮಿಯ ವೇಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಕಿಲ್ಲದಷ್ಟು ಅಪಾರವಾಗಿರಬೇಕು. ಅಷ್ಟು ವೇಗದ ಉಲ್ಕೆಗಳನ್ನು ಯಾರೂ ಕಂಡಿರಲಿಲ್ಲ. ಗಣಿತಜ್ಞರು ತಲೆ ಕೆಡಿಸಿಕೊಂಡರು. ತಾನು ಕಣ್ಣಾರೆ ಕಂಡುದನ್ನು ಗಣಿತಕ್ಕಾಗಿ ಬಿಟ್ಟುಕೊಡಲು ಡೆನ್ನಿಂಗನು ಸಿದ್ಧನಿರಲಿಲ್ಲ.

ತಪ್ಪು ಎಲ್ಲಿತ್ತು? ಕಣ್ಣಿನಲ್ಲಿರಲಿಲ್ಲ, ಕೂಡಿಸುವ ಕ್ರಮದಲ್ಲಿತ್ತು. ಯಾವ ವೃಷ್ಟಿಗೂ ಸೇರದ ಬಿಡಿ ಉಲ್ಕೆಗಳು ಎಲ್ಲ ರಾತ್ರಿಗಳಲ್ಲಿಯೂ ಗಂಟೆಗೆ ಹಲವು ಕಾಣುತ್ತವೆ. ಡೆನ್ನಿಂಗನು ಹಲವು ರಾತ್ರಿಗಳ, ಕೆಲವೊಮ್ಮೆ ಬೇರೆ ಬೇರೆ ವರ್ಷಗಳ ಹಾದಿಗಳನ್ನು ಒಂದೇ ನಕ್ಷೆಯಲ್ಲಿ ಎಳೆಯುತ್ತಿದ್ದನು. ಕಾಗದದ ಮೇಲೆ ಮನಬಂದಂತೆ ನೂರು ಗೆರೆ ಎಳೆಯಿರಿ. ನಾಲ್ಕೈದು ಗೆರೆಗಳು ಹತ್ತಿರ ಹತ್ತಿರ ಕೂಡುವ ಸ್ಥಳಗಳು ಎಷ್ಟೋ ಸಿಗುತ್ತವೆ. ಅವುಗಳಿಗೆ ಅರ್ಥವಿಲ್ಲ. ಆದರೆ ಒಂದು ಸ್ಥಳದಲ್ಲಿ ಬಿಂದುವಿದೆಯೆಂದು ಮೊದಲೇ ನಂಬಿದವನಿಗೆ ಅಲ್ಲಿ ಹಾಯುವ ಪ್ರತಿಯೊಂದು ಹೊಸ ಗೆರೆಯೂ ಸಾಕ್ಷಿಯಾಗಿಯೇ ತೋರುತ್ತದೆ. ೧೯೧೧ರಲ್ಲಿ ಅಮೆರಿಕನ್ ಮೀಟಿಯರ್ ಸೊಸೈಟಿಯನ್ನು ಸ್ಥಾಪಿಸಿದ ಚಾರ್ಲ್ಸ್ ಓಲಿವಿಯರ್ ಇದನ್ನು ಬಲವಾಗಿ ವಿರೋಧಿಸಿದನು. ಒಂದು ಬಿಂದುವನ್ನು ಒಪ್ಪಬೇಕಾದರೆ ಅದರ ಉಲ್ಕೆಗಳನ್ನೆಲ್ಲ ಒಬ್ಬನೇ ವೀಕ್ಷಕನು ಒಂದೇ ರಾತ್ರಿಯಲ್ಲಿ ಕಂಡಿರಬೇಕೆಂಬುದು ಅವನ ನಿಯಮ. ಈ ಜರಡಿಯಲ್ಲಿ ಸೋಸಿದಾಗ ಡೆನ್ನಿಂಗನ ನಿಶ್ಚಲ ಬಿಂದುಗಳು ಉಳಿಯಲಿಲ್ಲ. ಓರಿಯಾನಿಡ್ ಬಿಂದುವೂ ಚಲಿಸುತ್ತದೆಂದು ಕಾಲಕ್ರಮದಲ್ಲಿ ಸ್ಥಿರಪಟ್ಟಿತು. ಇಂದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ನಿಸ್ಸಂದೇಹವೆಂದು ಒಪ್ಪಿರುವ ವೃಷ್ಟಿಗಳು ನೂರರ ಆಸುಪಾಸಿನಲ್ಲಿ ಮಾತ್ರ ಇವೆ.

ಇಲ್ಲಿ ನನ್ನ ಸ್ವಂತ ಸಂಗತಿಯನ್ನು ಹೇಳಬೇಕಾಗಿದೆ. ಕಳೆದ ಡಿಸೆಂಬರಿನಲ್ಲಿ ಜೆಮಿನಿಡ್ ವೃಷ್ಟಿಯನ್ನು ನೋಡಲು ನಾವು ನಾಲ್ವರು ಸಹಪಾಠಿಗಳು ಗೆಳೆಯನೊಬ್ಬನ ಹಳ್ಳಿಗೆ ಹೋಗಿದ್ದೆವು. ರಾಗಿಯ ಕಣದಲ್ಲಿ ಹುಲ್ಲು ಹಾಸಿ, ಕಂಬಳಿ ಹೊದ್ದು, ನಾಲ್ಕು ದಿಕ್ಕಿಗೆ ಕಾಲು ಚಾಚಿ ಮಲಗಿದೆವು. ಯಾರೂ ಮಾತಾಡದೆ ತಮ್ಮ ತಮ್ಮ ದಿಕ್ಕಿನಲ್ಲಿ ಕಂಡುದನ್ನು ಗಂಟೆಗಂಟೆಗೂ ತಾವೇ ಬರೆದುಕೊಳ್ಳಬೇಕೆಂದು ಭೂಗೋಳದ ಅಧ್ಯಾಪಕರು ಹೇಳಿಕಳುಹಿಸಿದ್ದರು. ಉತ್ತರ ದಿಕ್ಕು ನನ್ನ ಪಾಲಿಗೆ ಬಂದಿತು. ಪುನರ್ವಸು ನಕ್ಷತ್ರಗಳು ನೆತ್ತಿಯ ಕಡೆಗೆ ಏರುತ್ತಿದ್ದಂತೆ ಉಲ್ಕೆಗಳೂ ಹೆಚ್ಚಿದವು. ಒಂದರಿಂದ ಎರಡು ಗಂಟೆಯ ನಡುವೆ ನಾನು ೨೧ನ್ನು ಎಣಿಸಿದೆ. ಆಮೇಲೆ ನನಗೆ ನಿದ್ದೆ ಬಂದುಬಿಟ್ಟಿತು. ಎಚ್ಚರವಾದಾಗ ಮೂರು ದಾಟಿತ್ತು. ಗೆಳೆಯರ ಮುಂದೆ ನಾಚಿಕೆಯಾಗಿ, ಎರಡರಿಂದ ಮೂರರ ಸಾಲಿನಲ್ಲಿ ೨೩ ಎಂದು ಬರೆದುಬಿಟ್ಟೆ.

ಕಾಲೇಜಿಗೆ ಮರಳಿ ನಾಲ್ಕು ಪಟ್ಟಿಗಳನ್ನೂ ಕೂಡಿಸಿದಾಗ ವಿಷಯ ಹೊರಬಿತ್ತು. ಆ ಗಂಟೆಯಲ್ಲಿ ತೆಳುವಾದ ಮಂಜು ಕವಿದಿತ್ತಂತೆ. ಉಳಿದ ಮೂವರು ಕಂಡುದು ೭, ೫ ಮತ್ತು ೬. ನನ್ನ ಪಟ್ಟಿಯಲ್ಲಿ ಮಾತ್ರ ೨೩! ಅಧ್ಯಾಪಕರು ನನ್ನನ್ನು ಅನುಮಾನಿಸಲಿಲ್ಲ. ಅನುಮಾನಿಸಿದ್ದರೆ ಚೆನ್ನಾಗಿತ್ತು. ಹಳ್ಳಿಯ ಉತ್ತರಕ್ಕೆ ಗುಡ್ಡವಿರುವುದರಿಂದ ಆ ಕಡೆ ಮಂಜು ತಡೆದಿರಬಹುದೆಂದು ಅವರು ಕಾರಣವನ್ನು ಊಹಿಸಿದರು. ಅದನ್ನು ನಮ್ಮ ವರದಿಯಲ್ಲಿ ಬರೆಸಿ ಫಲಕದ ಮೇಲೆ ಹಾಕಿಸಿದರು. ಹುಡುಗರಲ್ಲಿ ನಾನೇ ಜಾಗರೂಕನೆಂದು ಮೆಚ್ಚಿ, ಡೆನ್ನಿಂಗನನ್ನು ಕುರಿತು ಈ ಸಂಚಿಕೆಗೆ ಬರೆಯಬೇಕೆಂದು ನನಗೇ ಒಪ್ಪಿಸಿದರು. ಈ ಭಾರ ನನ್ನ ಮೇಲೆ ಬಿದ್ದುದು ಹೀಗೆ.

ಡೆನ್ನಿಂಗನ ಜೀವನವನ್ನು ಓದುತ್ತ ಓದುತ್ತ ಅವನ ತಪ್ಪಿನ ಭಾಗಕ್ಕೆ ಬಂದಾಗ ಮೊದಲು ನನಗೆ ಸಮಾಧಾನವೇ ಆಯಿತು. ಇಷ್ಟು ದೊಡ್ಡವನೂ ತಪ್ಪಿದ್ದಾನೆ, ನನ್ನದೇನು ಮಹಾ ಎಂದುಕೊಂಡೆ. ಆದರೆ ಆ ಸಮಾಧಾನ ಹೆಚ್ಚು ಹೊತ್ತು ನಿಲ್ಲಲಿಲ್ಲ. ಡೆನ್ನಿಂಗನು ಕಂಡುದನ್ನು ಕಂಡಂತೆ ಬರೆದನು, ಹಾದಿಗಳನ್ನು ಮುಚ್ಚಿಡದೆ ಪ್ರಕಟಿಸಿದನು. ಅದರಿಂದ ಬೇರೆಯವರು ಅವನ ತೀರ್ಮಾನವನ್ನು ತೆಗೆದುಹಾಕಿದರೂ ಅವನ ಪರ್ಸೀಯಿಡ್ ಕೆಲಸ ಭದ್ರವಾಗಿ ಉಳಿಯಿತು. ನಾನು ಬರೆದುದನ್ನು ಯಾವ ಓಲಿವಿಯರನೂ ಸೋಸಲಾರನು. ಕಾಣದಿದ್ದುದನ್ನು ಕಂಡೆನೆಂದು ಬರೆದ ಮೇಲೆ, ಇಲ್ಲದ ಗುಡ್ಡದ ಗುಣವನ್ನು ಒಳ್ಳೆಯವರು ಕಲ್ಪಿಸಬೇಕಾಗುತ್ತದೆ. ತೀರ್ಮಾನದ ತಪ್ಪನ್ನು ಮುಂದಿನವರು ತಿದ್ದಬಹುದು. ಸುಳ್ಳು ಸಂಖ್ಯೆಯನ್ನು ತಿದ್ದಬಲ್ಲವನು ಅದನ್ನು ಬರೆದವನೊಬ್ಬನೇ.

ಈ ಲೇಖನದ ಮೊದಲ ಅರ್ಧವನ್ನು ಬರೆದ ಮೇಲೆ ಅಧ್ಯಾಪಕರ ಮನೆಗೆ ಹೋಗಿ ನಡೆದುದನ್ನು ಹೇಳಿದೆ. ಅವರು ಸಿಟ್ಟಾಗಲಿಲ್ಲ, ಬಹಳ ಹೊತ್ತು ಮಾತನ್ನೂ ಆಡಲಿಲ್ಲ. ಆಮೇಲೆ ನನ್ನ ಪಟ್ಟಿಯನ್ನು ತಂದು ಮುಂದಿಟ್ಟರು. ೨೩ರ ಮೇಲೆ ಓದಲು ಬರುವಂತೆಯೇ ಒಂದು ಗೆರೆ ಎಳೆದು, ಪಕ್ಕದಲ್ಲಿ ವೀಕ್ಷಕನು ನಿದ್ರಿಸುತ್ತಿದ್ದನೆಂದು ನನ್ನ ಕೈಯಿಂದಲೇ ಬರೆಸಿದರು. ಫಲಕದ ಮೇಲಿನ ವರದಿಯಲ್ಲಿ ಗುಡ್ಡದ ವಾಕ್ಯವನ್ನು ತಾವೇ ಹೊಡೆದುಹಾಕಿದರು. ಈ ಲೇಖನವನ್ನು ಮುಗಿಸಲೇಬೇಕೆಂದು ಹೇಳಿ ಕಾಫಿ ಕೊಟ್ಟು ಕಳುಹಿಸಿದರು.

ಡೆನ್ನಿಂಗನ ಕೊನೆಯ ದಿನಗಳು ಸುಖದವಲ್ಲ. ಮದುವೆಯಾಗಲಿಲ್ಲ. ವರ್ಷಾನುಗಟ್ಟಲೆ ಚಳಿಯಲ್ಲಿ ಕುಳಿತುದರಿಂದ ಆರೋಗ್ಯ ಕೆಟ್ಟು, ದೂರದರ್ಶಕದ ಕೆಲಸವನ್ನು ಬಿಡಬೇಕಾಯಿತು. ಬಡತನವೂ ಬಂದಿತು. ಅವನ ಸೇವೆಯನ್ನು ಗುರುತಿಸಿ ಸರ್ಕಾರವು ೧೯೦೪ರಲ್ಲಿ ವರ್ಷಕ್ಕೆ ೧೫೦ ಪೌಂಡುಗಳ ವಿಶ್ರಾಂತಿವೇತನವನ್ನು ಗೊತ್ತುಮಾಡಿತು. ಆದರೆ ಕಣ್ಣು ಮಾತ್ರ ಆಕಾಶವನ್ನು ಬಿಡಲಿಲ್ಲ. ೧೯೨೦ರ ಆಗಸ್ಟ್ ೨೦ರ ರಾತ್ರಿ ಸಿಗ್ನಸ್ ಎಂಬ ಹಂಸದ ನಕ್ಷತ್ರಪುಂಜದಲ್ಲಿ ಇರಬಾರದ ನಕ್ಷತ್ರವೊಂದು ಇರುವುದನ್ನು ಅವನು ಕಂಡನು. ಅದು ನೋವಾ, ಎಂದರೆ ಹಠಾತ್ತಾಗಿ ಹೊಳಪೇರಿದ ನಕ್ಷತ್ರ. ಆಗ ಅವನಿಗೆ ೭೧ ವರ್ಷ. ಐವತ್ತು ವರ್ಷಗಳ ಕಾಲ ಉಲ್ಕೆಗಳಿಗಾಗಿ ಕಾಯುತ್ತ ಒಂದೊಂದು ನಕ್ಷತ್ರದ ಗುರುತನ್ನೂ ಇಟ್ಟುಕೊಂಡಿದ್ದವನಿಗೆ ಹೊಸಬನೊಬ್ಬ ಬಂದುದು ತಿಳಿಯದೆ ಹೋದೀತೆ? ೧೯೧೯ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಉಲ್ಕೆಗಳಿಗಾಗಿ ರಚಿಸಿದ ಆಯೋಗಕ್ಕೆ ಅವನನ್ನೇ ಮೊದಲ ಅಧ್ಯಕ್ಷನನ್ನಾಗಿ ಮಾಡಿತು. ಕಾಲೇಜಿನ ಮುಖ ಕಾಣದವನಿಗೆ ಬ್ರಿಸ್ಟಲ್ ವಿಶ್ವವಿದ್ಯಾನಿಲಯವು ೧೯೨೭ರಲ್ಲಿ ಗೌರವ ಎಂ.ಎಸ್‌ಸಿ. ಪದವಿಯನ್ನಿತ್ತಿತು. ೧೯೩೧ರ ಜೂನ್ ೯ರಂದು, ೮೨ನೆಯ ವಯಸ್ಸಿನಲ್ಲಿ, ಅವನು ಬ್ರಿಸ್ಟಲಿನಲ್ಲಿ ತೀರಿಕೊಂಡನು.

ಅವನು ೧೮೮೧ರಲ್ಲಿ ಕಂಡ ಧೂಮಕೇತು ಸುಮಾರು ಒಂಬತ್ತು ವರ್ಷಕ್ಕೊಮ್ಮೆ ಸೂರ್ಯನ ಬಳಿ ಬರುವಂಥದು. ಆದರೂ ಅದು ಮತ್ತೆ ಯಾರಿಗೂ ಸಿಕ್ಕಿರಲಿಲ್ಲ. ೯೭ ವರ್ಷಗಳ ಮೇಲೆ, ೧೯೭೮ರಲ್ಲಿ, ಜಪಾನಿನ ಹವ್ಯಾಸಿ ಫುಜಿಕಾವಾ ಒಂದು ಧೂಮಕೇತುವನ್ನು ಕಂಡನು; ಲೆಕ್ಕ ಹಾಕಿದಾಗ ಅದು ಡೆನ್ನಿಂಗನದೇ ಎಂದು ತಿಳಿಯಿತು. ಈಗ ಅದಕ್ಕೆ ಡೆನ್ನಿಂಗ್–ಫುಜಿಕಾವಾ ಎಂದು ಹೆಸರು. ಎರಡು ದೇಶ, ಎರಡು ಕಾಲದ ಇಬ್ಬರು ಹವ್ಯಾಸಿಗಳು ಹೀಗೆ ಒಂದೇ ಹೆಸರಿನಲ್ಲಿ ಕೂಡಿಕೊಂಡರು. ಚಂದ್ರನ ಮೇಲೆಯೂ ಮಂಗಳನ ಮೇಲೆಯೂ ಒಂದೊಂದು ಕುಳಿಗೆ ಅವನ ಹೆಸರಿದೆ.

ಇಂದು ರಾತ್ರಿಯಿಡೀ ಎಚ್ಚರವಾಗಿರುವ ಕ್ಯಾಮೆರಾಗಳೂ, ಹಗಲಿನಲ್ಲಿಯೂ ಉಲ್ಕೆಗಳನ್ನು ಹಿಡಿಯುವ ರೇಡಿಯೋ ಯಂತ್ರಗಳೂ ಬಂದಿವೆ. ಅವು ನನ್ನಂತೆ ನಿದ್ರಿಸುವುದಿಲ್ಲ. ಆದರೂ ೧೯೮೮ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಉಲ್ಕಾ ಸಂಸ್ಥೆಯು ಬರಿಗಣ್ಣಿನಿಂದ ಎಣಿಸಿದವರ ಪಟ್ಟಿಗಳನ್ನು ಇಂದಿಗೂ ಆದರದಿಂದ ಸ್ವೀಕರಿಸುತ್ತದೆ. ಆ ಪಟ್ಟಿಯಲ್ಲಿ ನೋಡಿದ ಕಾಲವನ್ನೂ, ಮೋಡವೆಷ್ಟಿತ್ತೆಂಬುದನ್ನೂ, ಕಣ್ಣಿಗೆ ಕಂಡ ಅತಿ ಮಸುಕಾದ ನಕ್ಷತ್ರ ಯಾವುದೆಂಬುದನ್ನೂ, ವಿಶ್ರಾಂತಿಗೆ ಹೋದ ಹೊತ್ತನ್ನೂ ಬರೆಯಬೇಕು. ಎಷ್ಟು ಕಂಡೆವೆಂಬುದರಷ್ಟೇ, ಯಾವಾಗ ನೋಡಲಿಲ್ಲವೆಂಬುದೂ ಅಲ್ಲಿ ಮುಖ್ಯ.

ಮುಂದಿನ ಡಿಸೆಂಬರಿನಲ್ಲಿ ನಾವು ಮತ್ತೆ ಆ ಕಣಕ್ಕೆ ಹೋಗಲಿದ್ದೇವೆ. ಬರುವ ಇಚ್ಛೆಯುಳ್ಳ ಸಹೋದರ ವಿದ್ಯಾರ್ಥಿಗಳಿಗೆ ದೂರದರ್ಶಕ ಬೇಕಿಲ್ಲ, ವಿಜ್ಞಾನದ ಪದವಿ ಬೇಕಿಲ್ಲ. ಒಂದು ಕಂಬಳಿ, ಒಂದು ಪೆನ್ಸಿಲು, ಕೆಂಪು ಕಾಗದ ಸುತ್ತಿದ ಟಾರ್ಚು ಸಾಕು. ಈ ಸಲ ಉತ್ತರ ದಿಕ್ಕಿಗೆ ಇಬ್ಬರನ್ನು ಹಾಕಬೇಕೆಂದು ನಾನೇ ಕೇಳಿಕೊಂಡಿದ್ದೇನೆ. ಅಜ್ಜಿ ಈಗಲೂ ಇದ್ದಾಳೆ. ಬೀಳುವ ಚುಕ್ಕಿಗಳನ್ನು ನೋಡಿ ಊರಿಗೆಲ್ಲ ಹೇಳುತ್ತಿದ್ದೇನೆಂದು ಅವಳಿಗೆ ತಿಳಿಸಿದೆ. ಅವಳು ತುಸು ಹೊತ್ತು ಸುಮ್ಮನಿದ್ದು, ಕಂಡಷ್ಟನ್ನು ಮಾತ್ರ ಹೇಳು ಎಂದಳು.